‘ನೇಮಕಾತಿ’ ಎಂಬ ಮಾತು ಕೇಳಿ ಹೆದರಿದ ತಂದೆಯವರಿಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಶಹಾಬಾದಿನ ತಂದೆಯೊಬ್ಬರು ಬರೆದದ್ದನ್ನು ಎರಡು ಸಲ ಓದಿದೆ. ಕಾಲೇಜಿಗೆ ಹೋಗುವ ಮಗ ಭಾನುವಾರ ರಾತ್ರಿ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾನೆ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ‘ಹಾಜರಿ’, ‘ತರಬೇತಿ’, ‘ಹೊಸ ನೇಮಕಾತಿ’ ಎಂದೆಲ್ಲ ಯಾರೊಂದಿಗೋ ಮಾತಾಡುತ್ತಾನೆ, ಮುಖ ಕಾಣದ ಇವರು ನಮ್ಮ ಮಕ್ಕಳನ್ನು ಯಾವ ಸೇನೆಗೆ ಸೇರಿಸಿಕೊಳ್ಳುತ್ತಿದ್ದಾರೆ ಎಂದು ಅವರು ಕೇಳಿದ್ದರು. ಸರ್ಕಾರ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದ ಮೇಲೂ ಪೊಲೀಸರು ಸುಮ್ಮನಿದ್ದಾರೆ ಎಂಬ ಸಿಟ್ಟೂ ಆ ಪತ್ರದಲ್ಲಿತ್ತು. ಅವರ ಮಗ ನಮ್ಮ ತಂಡದವನಲ್ಲ. ಆದರೆ ಅವರು ಯಾರಿಗೆ ಹೆದರಿದ್ದಾರೋ ಅಂಥವರಲ್ಲಿ ನಾನೂ ಒಬ್ಬಳು. ಕಂಪ್ಯೂಟರ್‌ನಲ್ಲಿ ಯುದ್ಧದ ಆಟ ಆಡುವ ಅಂಥದೇ ಒಂದು ತಂಡಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಕೆಲಸ ಮೂರು ವರ್ಷಗಳಿಂದ ನನ್ನದು. ಹಾಗಾಗಿ ಉತ್ತರ ಕೊಡುವ ಹೊಣೆಯೂ ನನ್ನದೇ.

ನಾನು ಕಲಬುರಗಿಯ ಒಂದು ದಾಲ್‌ಮಿಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು ಮೂವತ್ತೊಂದು. ಈ ಆಟವನ್ನು ನನಗೆ ಕಲಿಸಿದವನು ನನ್ನ ತಮ್ಮ. ಅವನು ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಮನೆಯಲ್ಲಿ ಉಳಿದ ಅವನ ಕಂಪ್ಯೂಟರ್‌ನ ಧೂಳು ಒರೆಸುತ್ತ ಒರೆಸುತ್ತ ನಾನೇ ಅದರ ಮುಂದೆ ಕುಳಿತೆ. ಭಾನುವಾರ ರಾತ್ರಿ ಅವನೂ ಅಲ್ಲಿಂದಲೇ ಬಂದು ಸೇರುತ್ತಾನೆ. ಅಕ್ಕ ತಮ್ಮ ವಾರಕ್ಕೊಮ್ಮೆ ಎರಡೂಕಾಲು ಗಂಟೆ ಒಂದೇ ಕಡೆ ಇರುವುದು ಈಗ ಅಲ್ಲಿ ಮಾತ್ರ.

ಆಟದ ಹೆಸರು ಆರ್ಮಾ 3. ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಸಂಸ್ಥೆ 2013ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ್ದು. ಮೊಬೈಲಿನಲ್ಲಿ ಆಡುವ, ಕಂಡಕಂಡವರಿಗೆ ಗುಂಡು ಹೊಡೆದು ಅಂಕ ಗಳಿಸುವ ಆಟ ಇದಲ್ಲ. ಸುಮಾರು 270 ಚದರ ಕಿಲೋಮೀಟರ್‌ನ ಒಂದು ದ್ವೀಪವಿದೆ. ಅಲ್ಲಿ ಊರು, ಗುಡ್ಡ, ರಸ್ತೆ, ಒಣಹುಲ್ಲು, ಕಲ್ಲುಗೋಡೆ ಎಲ್ಲ ಇವೆ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ನಡೆದು ಹೋಗಲು ಇಪ್ಪತ್ತು ನಿಮಿಷ ಬೇಕಾಗಬಹುದು, ದಾರಿಯಲ್ಲಿ ಒಂದು ಗುಂಡೂ ಹಾರದೇ ಇರಬಹುದು. ನಮ್ಮ ತಂಡದಲ್ಲಿ ಒಂಬತ್ತು ಜನರ ಎರಡು ತುಕಡಿಗಳಿವೆ. ಪ್ರತಿ ತುಕಡಿಗೆ ಒಬ್ಬ ನಾಯಕ, ಒಬ್ಬ ವೈದ್ಯ, ಉಳಿದವರಿಗೂ ಒಂದೊಂದು ಕೆಲಸ. ನಮ್ಮವರೇ ಒಬ್ಬರು ವಾರವಿಡೀ ಕುಳಿತು ಭಾನುವಾರದ ಕಾರ್ಯಾಚರಣೆಯನ್ನು ಹೆಣೆಯುತ್ತಾರೆ. ಅಂದು ಅವರು ಆಡುವುದಿಲ್ಲ. ಮೇಲಿನಿಂದ ಎಲ್ಲವನ್ನೂ ನೋಡುತ್ತ ಎದುರಾಳಿಯನ್ನು ನಡೆಸುತ್ತಾರೆ. ನಮ್ಮ ನಿಯಮದ ಪ್ರಕಾರ ಒಬ್ಬರಿಗೆ ಒಂದು ರಾತ್ರಿಗೆ ಒಂದೇ ಜೀವ. ಸತ್ತವರು ಆಟ ಮುಗಿಯುವ ತನಕ ಸುಮ್ಮನೆ ನೋಡಬೇಕು. ಆದ್ದರಿಂದ ನಮ್ಮಲ್ಲಿ ಯಾರೂ ನುಗ್ಗುವುದಿಲ್ಲ, ಎಲ್ಲರೂ ಮೊದಲು ಕೇಳುತ್ತಾರೆ.

ಇಂಥ ಆಟವನ್ನು ಕಂಡು ಗಾಬರಿಯಾಗುವುದು ಇಂದಿನದಲ್ಲ. ಆ ದ್ವೀಪವನ್ನು ಗ್ರೀಸ್ ದೇಶದ ಲೆಮ್ನೊಸ್ ದ್ವೀಪದ ಮಾದರಿಯಲ್ಲಿ ಕಟ್ಟಲಾಗಿದೆ. 2012ರ ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆಯ ಇಬ್ಬರು ನೌಕರರು ಅಲ್ಲಿಗೆ ಹೋಗಿದ್ದಾಗ, ಸೇನಾ ನೆಲೆಯ ಚಿತ್ರ ತೆಗೆದರೆಂದು ಬೇಹುಗಾರಿಕೆಯ ಆರೋಪದ ಮೇಲೆ ಅವರನ್ನು ಬಂಧಿಸಿದರು. ತಾವು ರಜೆಗೆ ಬಂದವರು ಎಂದು ಎಷ್ಟು ಹೇಳಿದರೂ ನಾಲ್ಕು ತಿಂಗಳು ಜೈಲಿನಲ್ಲಿದ್ದು, 2013ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. ಒಂದು ದೇಶದ ಪೊಲೀಸರೇ ಆಟವನ್ನೂ ಬೇಹುಗಾರಿಕೆಯನ್ನೂ ಬೇರ್ಪಡಿಸಿ ನೋಡಲು ಅಷ್ಟು ಕಷ್ಟಪಟ್ಟಿರುವಾಗ, ಬಾಗಿಲ ಹೊರಗೆ ನಿಂತು ಅರ್ಧ ಮಾತು ಕೇಳಿಸಿಕೊಂಡ ತಂದೆಯನ್ನು ನಾನು ಹೇಗೆ ದೂರಲಿ?

ಸರ್ಕಾರ ಎಲ್ಲ ಆಟಗಳನ್ನು ನಿಷೇಧಿಸಿದೆ ಎಂಬ ಅವರ ಮಾತು ಮಾತ್ರ ಸರಿಯಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಅದು ಬೇರೆಯಾಗಿಯೇ ಇಟ್ಟಿದೆ. ನಮ್ಮಲ್ಲಿ ಗೆದ್ದರೆ ಹಣವಿಲ್ಲ, ಸೋತರೆ ದಂಡವಿಲ್ಲ. ಎಲ್ಲರೂ ಸೇರಿ ಆಡಲು ಬೇಕಾದ ಸರ್ವರ್‌ನ ಬಾಡಿಗೆಯನ್ನು ಕೆಲಸದಲ್ಲಿರುವ ಐದಾರು ಜನ ಹಂಚಿಕೊಂಡು ಕಟ್ಟುತ್ತೇವೆ. ವಿದ್ಯಾರ್ಥಿಗಳಿಂದ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಇನ್ನು ಆ ‘ನೇಮಕಾತಿ’. ಈ ಪದವನ್ನು ನಾವೂ ಮೊದಲು ಬಳಸುತ್ತಿದ್ದೆವು. ಅದನ್ನು ಬಿಡಿಸಿದವರು ನಮ್ಮ ಕಾಕಾ. ಅವರು ಸೇನೆಯ ಸಿಗ್ನಲ್ಸ್ (ರೇಡಿಯೊ ಸಂಪರ್ಕದ) ವಿಭಾಗದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು, ಈಗ ಆಳಂದದ ಹತ್ತಿರ ಹೊಲ ನೋಡಿಕೊಂಡಿದ್ದಾರೆ. ಒಮ್ಮೆ ಮನೆಗೆ ಬಂದಾಗ ಪರದೆಯ ಮೇಲೆ ನಮ್ಮ ತಂಡದ ಲಾಂಛನ ಕಂಡರು. ಯಾರೋ ಹುಡುಗ ಉತ್ಸಾಹದಿಂದ ನಿಜವಾದ ಒಂದು ರೆಜಿಮೆಂಟಿನ ಲಾಂಛನವನ್ನೇ ತಿದ್ದಿ ಹಾಕಿದ್ದ. ಕಾಕಾ ಗದರಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು, “ಮಗಳೇ, ಇದನ್ನು ಎದೆಯ ಮೇಲೆ ಹಾಕಿಕೊಂಡವರನ್ನು ನಾನು ಹೆಗಲ ಮೇಲೆ ಹೊತ್ತಿದ್ದೇನೆ” ಎಂದರು. ಅಷ್ಟೇ ಮಾತು. ಅಂದು ರಾತ್ರಿಯೇ ಲಾಂಛನ ತೆಗೆದೆವು. ಹವಾಲ್ದಾರ್, ಸುಬೇದಾರ್ ಎಂಬ ಹುದ್ದೆಗಳೂ ಹೋದವು. ಈಗ ತುಕಡಿ ನಾಯಕ, ವೈದ್ಯ, ಹೊಸಬ ಎಂಬ ಮೂರೇ ಹೆಸರುಗಳಿವೆ. ನೇಮಕಾತಿ ಎಂಬ ಪದದ ಬದಲು ‘ಸೇರ್ಪಡೆ’ ಬಂತು. ಸೇನೆಗೆ ಸೇರುವ ಆಸೆ ಇಟ್ಟುಕೊಂಡವರೇ ಹೆಚ್ಚಿರುವ ಈ ಭಾಗದಲ್ಲಿ ಆ ಪದವನ್ನು ಆಟಕ್ಕೆ ಬಳಸುವುದು ತಪ್ಪು ಎಂದು ನನಗೆ ಈಗ ಖಚಿತವಾಗಿದೆ.

ಯಾಕೆಂದರೆ ನಮಗೆ ಬರೆಯುವ ಹುಡುಗರಲ್ಲಿ ಹಲವರು ಮೊದಲು ಕೇಳುವ ಪ್ರಶ್ನೆ ಅದೇ: “ಅಕ್ಕಾ, ಇದರಿಂದ ಅಗ್ನಿವೀರಕ್ಕೆ ಅನುಕೂಲವಾಗುತ್ತದೆಯೇ? ಪ್ರಮಾಣಪತ್ರ ಕೊಡುತ್ತೀರಾ?” ಬೆಳಗಿನ ಜಾವ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಹೋದವರಿಗೆ ಓಡುತ್ತಿರುವ ಈ ಹುಡುಗರು ಕಂಡಿರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ಭರ್ತಿಯಲ್ಲಿ 1.6 ಕಿಲೋಮೀಟರ್ ಓಡಬೇಕು, ಅದು ಕುರ್ಚಿಯ ಮೇಲೆ ಕುಳಿತು ಬರುವುದಲ್ಲ. ನಮ್ಮ ಆಟಕ್ಕೂ ಭಾರತೀಯ ಸೇನೆಗೂ ಯಾವ ಸಂಬಂಧವೂ ಇಲ್ಲ, ಕಾಗದ ಕೊಡುವುದಿಲ್ಲ, ಕೊಡುತ್ತೇವೆಂದು ಯಾರಾದರೂ ಹೇಳಿದರೆ ಅವರು ಸುಳ್ಳುಗಾರರು. ಅಫಜಲಪುರ ಕಡೆಯ ಒಬ್ಬ ಹುಡುಗ ನನ್ನೊಂದಿಗೆ ಮಾತಾಡುವಾಗ ಮೊದಲು “ಫೀ ಎಷ್ಟು?” ಎಂದ. ಇಲ್ಲ ಎಂದರೂ ನಂಬಲಿಲ್ಲ. ಆಮೇಲೆ ತಿಳಿಯಿತು, ಆನ್‌ಲೈನ್ ಸೇನಾ ತರಬೇತಿ ಎಂದು ಹೇಳಿಕೊಂಡ ಯಾರೋ ಒಬ್ಬರು ಅವನಿಂದ ಹಣವನ್ನೂ ಆಧಾರ್ ಪ್ರತಿಯನ್ನೂ ತೆಗೆದುಕೊಂಡು ಫೋನ್ ಬಂದ್ ಮಾಡಿದ್ದರು. ಶಹಾಬಾದಿನ ತಂದೆಯವರು ಹೆದರಬೇಕಾದದ್ದು ಇಂಥವರಿಗೆ. ಆಟದ ತಂಡವೊಂದು ಹಣ, ಆಧಾರ್, ಮನೆಯ ವಿಳಾಸ, ಫೋಟೋ ಕೇಳಿತೆಂದರೆ ಅಂದೇ ಬಿಡಿಸಿ. ಆಡಲು ಇವು ಯಾವುವೂ ಬೇಕಿಲ್ಲ. ಒಂದು ಹೆಸರು, ವಯಸ್ಸು, ಭಾನುವಾರ ಬಿಡುವಿದೆಯೇ ಎಂಬುದು, ಇಷ್ಟು ಸಾಕು.

ವಯಸ್ಸಿನ ವಿಷಯದಲ್ಲಿ ನಾವು ಬಿಗಿ. ಹದಿನೆಂಟು ತುಂಬದವರನ್ನು ಸೇರಿಸುವುದಿಲ್ಲ. ಸಂದರ್ಶನ ಎಂದರೆ ದೊಡ್ಡ ಮಾತಾಯಿತು, ಅರ್ಧ ಗಂಟೆ ಮಾತಾಡುತ್ತೇವೆ. ಎಷ್ಟು ಚೆನ್ನಾಗಿ ಗುರಿ ಇಡುತ್ತೀರಿ ಎಂದು ಕೇಳುವುದೇ ಇಲ್ಲ. ಗುರಿ ಇಡುವುದನ್ನು ನಮ್ಮ ಬುಧವಾರದ ತರಬೇತಿಯಲ್ಲಿ ಎರಡೇ ವಾರದಲ್ಲಿ ಕಲಿಸಬಹುದು. ಬರುತ್ತೇನೆಂದ ದಿನ ಬರುತ್ತೀರಾ, ಬರಲಾಗದಿದ್ದರೆ ಮೊದಲೇ ಹೇಳುತ್ತೀರಾ ಎಂದು ಕೇಳುತ್ತೇನೆ. ಒಂಬತ್ತು ಜನರ ತುಕಡಿಯಲ್ಲಿ ವೈದ್ಯ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಉಳಿದ ಎಂಟು ಜನರ ರಾತ್ರಿ ಹಾಳು. ತಂಡಗಳು ಒಡೆಯುವುದು ಜಗಳದಿಂದ ಕಡಿಮೆ, ಹೀಗೆ ಬಾರದೇ ಇರುವವರಿಂದ ಹೆಚ್ಚು. ಅದಕ್ಕೇ ರಜೆ ಪುಸ್ತಕ ಇಟ್ಟಿದ್ದೇವೆ. ಮಿಲ್‌ನಲ್ಲಿ ದಿನವಿಡೀ ಖಾತೆ ಬರೆಯುವವಳು ನಾನು, ಅದನ್ನೂ ಹಾಗೆಯೇ ಬರೆಯುತ್ತೇನೆ. ಅದನ್ನು ತಿರುವಿದರೆ ನಮ್ಮ ಭಾಗದ ಪಂಚಾಂಗವನ್ನೇ ಓದಿದಂತೆ. ಡಿಸೆಂಬರ್, ಜನವರಿಯಲ್ಲಿ ‘ತೊಗರಿ ರಾಶಿ’. ರಂಜಾನ್ ತಿಂಗಳಲ್ಲಿ ಆರು ಜನರಿಗೆ ರಾತ್ರಿಯ ತರಾವೀಹ್ ನಮಾಜು ಮುಗಿಯಬೇಕು, ಆ ತಿಂಗಳು ಎಲ್ಲರೂ ತಡವಾಗಿ ಆರಂಭಿಸುತ್ತೇವೆ. ಹೋಳಿ ಮುಗಿದ ಮೇಲೆ ‘ಶರಣಬಸವೇಶ್ವರ ಜಾತ್ರೆ’. ಬೇಸಿಗೆಯಲ್ಲಿ ಬರೀ ‘ಕರೆಂಟ್’.

ಹೊಸಬರಿಗೆ ಆಟದೊಂದಿಗೆ ಬೇಕಾಗುವ ಹೆಚ್ಚುವರಿ ಕಡತಗಳು (ಆಟಕ್ಕೆ ರೇಡಿಯೊ, ಗಾಯದ ಚಿಕಿತ್ಸೆ ಮುಂತಾದವನ್ನು ಸೇರಿಸುವ ‘ಮಾಡ್’ಗಳು) ಐವತ್ತು ಜಿಬಿಗೂ ಹೆಚ್ಚು. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಇರುವ ಹಳ್ಳಿಯ ಹುಡುಗ ಇದನ್ನು ಯಾವಾಗ ಇಳಿಸಿಕೊಂಡಾನು? ಹಾಗಾಗಿ ನಮ್ಮದೊಂದು ಹಾರ್ಡ್ ಡಿಸ್ಕ್ ಇದೆ. ಹಳೆಯ ಟವೆಲ್ ಸುತ್ತಿ, ಬಿಸ್ಕತ್ ಡಬ್ಬಿಯಲ್ಲಿಟ್ಟ ಆ ಡಿಸ್ಕ್ ಸೇಡಂ, ಯಾದಗಿರಿ, ಹುಮನಾಬಾದ್ ಎಂದು ಬಸ್ಸಿನಲ್ಲಿ ತಿರುಗುತ್ತದೆ. ಯಾರಾದರೂ ಊರಿಗೆ ಹೊರಟರೆ ಒಯ್ಯುತ್ತಾರೆ, ವಾರದ ನಂತರ ಇನ್ನೊಬ್ಬರ ಕೈಯಲ್ಲಿ ಮರಳುತ್ತದೆ. ಡಬ್ಬಿಯ ಮುಚ್ಚಳದ ಒಳಗೆ ಯಾರ ಬಳಿ ಯಾವ ದಿನ ಇತ್ತೆಂದು ಪೆನ್ನಿನಲ್ಲಿ ಬರೆದಿಡುತ್ತೇವೆ. ಹದಿನಾಲ್ಕು ಸಾಲುಗಳಾಗಿವೆ. ಇವೆಲ್ಲ ಉಚಿತವಾಗಿ ಸಿಗುವ ಕಡತಗಳು. ಆಟವನ್ನು ಮಾತ್ರ ಪ್ರತಿಯೊಬ್ಬರೂ ಕೊಂಡಿರಬೇಕು, ಕದ್ದ ಪ್ರತಿಗೆ ನಮ್ಮಲ್ಲಿ ಜಾಗವಿಲ್ಲ.

ನಾನು ಈ ಕೆಲಸಕ್ಕೆ ಇಷ್ಟು ಅಂಟಿಕೊಂಡಿರುವುದಕ್ಕೆ ಕಾರಣ ಭಾಷೆ. ನಾನು ಮತ್ತು ತಮ್ಮ ಮೊದಲು ಬೇರೆ ಬೇರೆ ರಾಜ್ಯದವರೆಲ್ಲ ಇದ್ದ ಒಂದು ದೊಡ್ಡ ತಂಡದಲ್ಲಿದ್ದೆವು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ತಪ್ಪಿದರೆ ಹಿಂದಿಯಲ್ಲಿ. ಸುರಪುರ ಕಡೆಯ ಒಬ್ಬ ಹುಡುಗ ನಮ್ಮ ತುಕಡಿಯಲ್ಲಿದ್ದ. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಹೇಳಿದ ಜಾಗದಲ್ಲಿ ಹೇಳಿದ ಹಾಗೆ ಇರುತ್ತಿದ್ದ, ಆದರೆ ಮೂರು ವಾರವಾದರೂ ರೇಡಿಯೊದಲ್ಲಿ ಒಂದು ಮಾತಿಲ್ಲ. ನಾಲ್ಕನೇ ವಾರ ಪಟ್ಟಿಯಿಂದ ಅವನ ಹೆಸರು ತೆಗೆದರು. ಕಾರಣ, ‘ಸಂವಹನ ಇಲ್ಲ’. ಶತ್ರು ಎಲ್ಲಿದ್ದಾನೆಂದು ಅವನಿಗೆ ಕಾಣುತ್ತಿತ್ತು, ಹೇಳುವ ಮಾತು ನಾಲಿಗೆಗೆ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ನನಗೂ ಹಾಗೆಯೇ ಆಗುತ್ತಿತ್ತು, ನಾನು ಹೇಗೋ ತಡೆದುಕೊಂಡಿದ್ದೆ. ಅವನ ಹೆಸರು ಹೋದ ವಾರವೇ ನಾವು ಐದು ಜನ ಹೊರಬಂದು ಕನ್ನಡದ ತುಕಡಿ ಕಟ್ಟಿದೆವು. ಸೇರ್ಪಡೆಯ ಪುಸ್ತಕದಲ್ಲಿ ಮೊದಲ ಹೆಸರು ಆ ಹುಡುಗನದು.

ಕನ್ನಡದಲ್ಲಿ ರೇಡಿಯೊ ಮಾತು ಕಟ್ಟುವುದು ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಆ ಹೆಚ್ಚುವರಿ ಕಡತಗಳಿಂದ ಬರುವ ರೇಡಿಯೊದಲ್ಲಿ ದೂರ ಹೋದಂತೆ ದನಿ ಕ್ಷೀಣಿಸುತ್ತದೆ, ಕರಕರ ಸದ್ದಿನಲ್ಲಿ ಅರ್ಧ ಮಾತು ನುಂಗಿಹೋಗುತ್ತದೆ. ಎರಡನೇ ಭಾನುವಾರ ನಾವೆಲ್ಲ ಒಂದು ಕಲ್ಲುಗೋಡೆಯ ಹಿಂದೆ ಮಲಗಿದ್ದೆವು. ನಾಯಕ, “ಶತ್ರು, ದಿಕ್ಕು ಸೊನ್ನೆ ಏಳು ಸೊನ್ನೆ” ಎಂದ, ಅಂದರೆ ದಿಕ್ಸೂಚಿಯ ಎಪ್ಪತ್ತು ಡಿಗ್ರಿಯ ಕಡೆ. ಗೋಡೆಯ ತುದಿಯಲ್ಲಿದ್ದ ಇಬ್ಬರಿಗೆ ನಡುವಿನ ‘ಏಳು’ ಮಾತ್ರ ಕೇಳಿಸಿತು. ಎದ್ದು ನಿಂತರು. ಇಬ್ಬರೂ ಹೋದರು. ಮುಂದಿನ ವಾರ ‘ಹತ್ತು’ ಎಂದರೆ ಸಂಖ್ಯೆಯೋ, ಲಾರಿ ಹತ್ತುವುದೋ ಎಂಬ ಗೊಂದಲ. ಮಾತು ಮುಗಿಸುವಾಗ ‘ಮುಗಿಯಿತು’ ಎನ್ನೋಣವೆಂದರೆ, ಅದು ನಮ್ಮ ಕಥೆಯೇ ಮುಗಿದಂತೆ ಕೇಳಿಸುತ್ತಿತ್ತು.

ಇದರ ಜೊತೆಗೇ ಇನ್ನೊಂದು ತೊಡಕು. ನಮ್ಮ ನಾಯಕನಿಗೆ ಇಪ್ಪತ್ತೆರಡು ವರ್ಷ. ಅವನ ಕೈಕೆಳಗೆ ನಲವತ್ತೊಂದು ವರ್ಷದ ಪ್ರಾಥಮಿಕ ಶಾಲೆಯ ಮೇಷ್ಟ್ರು ಇದ್ದರು. ‘ಓಡು’, ‘ಮಲಗು’ ಎಂದು ಅವರಿಗೆ ಹೇಳಲು ಹುಡುಗನಿಗೆ ಬಾಯಿ ಬರುತ್ತಿರಲಿಲ್ಲ. “ಸರ್, ದಯವಿಟ್ಟು ಮಲಗುತ್ತೀರಾ” ಎನ್ನುವಷ್ಟರಲ್ಲಿ ಗುಂಡು ಬಿದ್ದಿರುತ್ತಿತ್ತು. ಕೊನೆಗೆ ಮೇಷ್ಟ್ರೇ ದಾರಿ ತೋರಿಸಿದರು. ರೇಡಿಯೊದಲ್ಲಿ ಎಲ್ಲರೂ ಎಲ್ಲರಿಗೂ ಬಹುವಚನವನ್ನೇ ಬಳಸಬೇಕು, ಚಿಕ್ಕವರಿಗೂ. ಆಗ ‘ಏಳು’ ಎಂದರೆ ಸಂಖ್ಯೆ ಮಾತ್ರ, ಎದ್ದೇಳಬೇಕಾದರೆ ‘ಏಳಿರಿ’. ನಮ್ಮ ಮನೆಮಾತಿನ ಮರ್ಯಾದೆಯೇ ಎರಡು ಕಗ್ಗಂಟುಗಳನ್ನು ಒಟ್ಟಿಗೆ ಬಿಡಿಸಿತು. ‘ಹತ್ತಿರಿ’ ಎಂಬುದು ಮಾತ್ರ ಗದ್ದಲದಲ್ಲಿ ‘ಹತ್ತಿರ’ ಎಂದು ಕೇಳಿಸುತ್ತದೆ, ಅದಕ್ಕೆ ‘ಗಾಡಿ ಏರಿರಿ’ ಎಂದು ಮಾಡಿಕೊಂಡೆವು. ಉತ್ತರ ಬೇಕಿದ್ದರೆ ಮಾತಿನ ಕೊನೆಗೆ ‘ಹೇಳಿರಿ’, ಬೇಡವಾದರೆ ‘ಇಷ್ಟೇ’. ಕಾಕಾ ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿ, “ರೇಡಿಯೊ ಗುಂಡಿ ಒತ್ತಿದ ಮೇಲೆ ಯೋಚನೆ ಮಾಡುತ್ತಿದ್ದೀರಿ. ಮೊದಲು ಯೋಚಿಸಿರಿ, ಆಮೇಲೆ ಒತ್ತಿರಿ” ಎಂದರು. ಈಗ ಹೊಸಬರಿಗೆ ನಾವು ಕಲಿಸುವ ಮೊದಲ ಪಾಠ ಅದು.

ಸುರಪುರ ಕಡೆಯ ಆ ಹುಡುಗ ನಮ್ಮಲ್ಲೂ ಎರಡು ವಾರ ಮಾತಾಡಲಿಲ್ಲ. ಅವನಿಗೆ ವೈದ್ಯನ ಕೆಲಸ ಕೊಟ್ಟಿದ್ದೆವು. ಆ ಹೆಚ್ಚುವರಿ ಕಡತಗಳಿಂದಾಗಿ ನಮ್ಮ ಆಟದಲ್ಲಿ ಗಾಯಗೊಂಡವರು ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ. ರಕ್ತ ಹರಿಯುತ್ತದೆ, ಪರದೆ ಮಸುಕಾಗುತ್ತದೆ, ಪ್ರಜ್ಞೆ ತಪ್ಪಿದರೆ ದನಿ ಹೊರಡುವುದಿಲ್ಲ. ಯಾರಾದರೂ ಬಂದು ಕೈಗೋ ಕಾಲಿಗೋ ಬಿಗಿಪಟ್ಟಿ ಕಟ್ಟಿ, ಗಾಯಕ್ಕೆ ಪಟ್ಟಿ ಸುತ್ತಿ, ಸಲೈನ್ ಏರಿಸಬೇಕು. ಮೂರನೇ ವಾರ ನನಗೆ ತೊಡೆಗೆ ಗುಂಡು ಬಿತ್ತು. ಪರದೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಆಗ ರೇಡಿಯೊದಲ್ಲಿ ನಾನು ಎಂದೂ ಕೇಳದ ಒಂದು ದನಿ ಬಂತು: “ಅಕ್ಕಾ, ನಾನು ಬರುತ್ತಿದ್ದೇನೆ. ಎಡಗಡೆ ಹೊಗೆ ಹಾಕಿರಿ. ಇಷ್ಟೇ.” ಎರಡನೇ ವಾಕ್ಯ ನಾಯಕನಿಗೆ ಕೊಟ್ಟ ಆಜ್ಞೆ. ನಾಯಕ ಮರುಮಾತಾಡದೆ, ಎದುರಾಳಿಗೆ ಕಾಣದಂತೆ ಮರೆಮಾಡುವ ಹೊಗೆ ಹಾಕಿದ. ಇಂದು ಹೊಸ ವೈದ್ಯರಿಗೆ ಬುಧವಾರದ ಪಾಠ ಹೇಳುವವನು ಆ ಹುಡುಗನೇ.

ಒಂದು ವಿಷಯದಲ್ಲಿ ನಾವು ಆಟಗಾರರು ತಲೆ ತಗ್ಗಿಸಬೇಕು, ಅದನ್ನು ಮುಚ್ಚಿಡುವುದಿಲ್ಲ. ಈ ಆಟದ ದೃಶ್ಯಗಳು ಎಷ್ಟು ನೈಜವೆಂದರೆ ಅವನ್ನು ನಿಜವಾದ ಯುದ್ಧದ್ದೆಂದು ಹಂಚುವವರಿದ್ದಾರೆ. ಉಕ್ರೇನ್ ಯುದ್ಧದ ಸಮಯದಲ್ಲಿ ಇದು ಎಷ್ಟು ಹಬ್ಬಿತೆಂದರೆ, 2022ರ ನವೆಂಬರ್‌ನಲ್ಲಿ ಬೊಹೀಮಿಯಾ ಸಂಸ್ಥೆಯೇ ಮುಂದೆ ಬಂದು, ಇವು ನಮ್ಮ ಆಟದ ದೃಶ್ಯಗಳು, ನಂಬಬೇಡಿ ಎಂದು ಹೇಳಬೇಕಾಯಿತು. 2025ರ ಮೇ ತಿಂಗಳಲ್ಲಿ ನಮ್ಮ ಗಡಿಯಲ್ಲಿ ಸಂಘರ್ಷ ನಡೆದಾಗಲೂ ಹೀಗೆಯೇ ಆಯಿತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ನನ್ನ ಬಳಿ ಬಂದರು. ಕಣ್ಣಲ್ಲಿ ನೀರು. “ನೋಡು, ಗಡಿಯಲ್ಲಿ ಹುಡುಗರು ಹೇಗೆ ಬೀಳುತ್ತಿದ್ದಾರೆ” ಎಂದರು. ಆ ದೃಶ್ಯದ ಮೂಲೆಯಲ್ಲಿದ್ದ ಪೆಟ್ರೋಲ್ ಬಂಕ್ ನನಗೆ ಚೆನ್ನಾಗಿ ಗೊತ್ತು, ಅದರ ಪಕ್ಕದಲ್ಲಿ ಎಷ್ಟೋ ಭಾನುವಾರ ಮಲಗಿದ್ದೇನೆ. ಅದು ಆಟ ಎಂದು ಅವ್ವನಿಗೆ ತೋರಿಸಿಕೊಟ್ಟೆ. ಅವರು ಸಮಾಧಾನಗೊಳ್ಳಲಿಲ್ಲ, ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು. ಅಂದಿನಿಂದ ನಮ್ಮಲ್ಲಿ ಯಾರೂ ಆಟದ ತುಣುಕನ್ನು ಹಾಗೆಯೇ ಹೊರಗೆ ಹಾಕುವಂತಿಲ್ಲ. ಹಾಕಿದರೆ ಪರದೆಯ ಮೇಲೆ ‘ಇದು ಆಟ’ ಎಂದು ದಪ್ಪ ಅಕ್ಷರದಲ್ಲಿ ಕೊನೆಯವರೆಗೂ ಇರಬೇಕು. ಈ ನಿಯಮ ಮುರಿದ ಒಬ್ಬನನ್ನು, ಒಳ್ಳೆಯ ಆಟಗಾರನಾಗಿದ್ದರೂ, ಹೊರಗೆ ಕಳುಹಿಸಿದ್ದೇವೆ. ಉಳಿದ ತಂಡಗಳೂ ಈ ನಿಯಮ ಇಟ್ಟುಕೊಳ್ಳಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ.

ಹೊಸಬರು ಮನೆಯವರೊಂದಿಗೆ ಇರುವವರಾದರೆ ಅವರ ತಾಯಿಯೋ ತಂದೆಯೋ ನನ್ನೊಂದಿಗೆ ಒಮ್ಮೆ ಮಾತಾಡಬೇಕೆಂದು ಕೇಳುತ್ತೇನೆ. ಹದಿನೆಂಟು ದಾಟಿದವರಿಗೆ ಇದೇಕೆ ಎಂದು ಕೆಲವರು ಮುನಿಯುತ್ತಾರೆ. ಮುನಿಯಲಿ. ಚಿಂಚೋಳಿಯ ಒಬ್ಬ ತಾಯಿ ಎಲ್ಲ ಕೇಳಿಸಿಕೊಂಡ ಮೇಲೆ, “ಇದೆಲ್ಲ ಇರಲಿ ತಂಗೀ, ಅವನು ಊಟಕ್ಕೆ ಯಾವಾಗ ಏಳುತ್ತಾನೆ?” ಎಂದರು. ಆಗ ನಾವು ಎಂಟೂವರೆಗೆ ಆರಂಭಿಸುತ್ತಿದ್ದೆವು. ಯಾರ ಮನೆಯಲ್ಲೂ ಆ ಹೊತ್ತಿಗೆ ಊಟ ಆಗಿರುವುದಿಲ್ಲ ಎಂಬುದು ಅಷ್ಟು ದಿನ ನಮಗೆ ಹೊಳೆದೇ ಇರಲಿಲ್ಲ. ಮುಂದಿನ ವಾರದಿಂದ ಒಂಬತ್ತೂಕಾಲಕ್ಕೆ ಆರಂಭ, ಹನ್ನೊಂದೂವರೆಗೆ ಮುಕ್ತಾಯ, ಗೆದ್ದರೂ ಸೋತರೂ. ಸೋಮವಾರ ಎಲ್ಲರಿಗೂ ಕೆಲಸವಿದೆ, ತರಗತಿ ಇದೆ. ಆ ಮೇಲೂ ಸರ್ವರ್‌ನಲ್ಲಿ ಉಳಿಯಲು ಯಾರಿಗೂ ಬಿಡುವುದಿಲ್ಲ, ನಾನೇ ಬಂದ್ ಮಾಡುತ್ತೇನೆ.

ಶಹಾಬಾದಿನ ತಂದೆಯವರೇ, ನಿಮ್ಮ ಮಗನ ತಂಡ ಹೇಗಿದೆಯೋ ನನಗೆ ಗೊತ್ತಿಲ್ಲ, ಅದು ಒಳ್ಳೆಯದೆಂದು ನಾನು ಖಾತರಿ ಕೊಡಲಾರೆ. ಆದರೆ ಪೊಲೀಸರನ್ನು ಕರೆಯುವ ಮೊದಲು ಒಂದು ಭಾನುವಾರ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಹೆಡ್‌ಫೋನ್‌ನ ಒಂದು ಕಿವಿಯನ್ನು ನಿಮ್ಮ ಕಿವಿಗೆ ಕೊಡಲು ಹೇಳಿ. ಅವನ ಕೆಲಸವೇನು, ಅವನಿಗೆ ಆಜ್ಞೆ ಕೊಡುವವರು ಯಾರು, ಅವರಿಗೆ ಎಷ್ಟು ವಯಸ್ಸು, ಹಣ ಕೇಳಿದ್ದಾರೆಯೇ ಎಂದು ಕೇಳಿ. ನಿಮ್ಮನ್ನು ಕಂಡ ಕೂಡಲೇ ಅತ್ತಲಿನವರ ದನಿ ಬದಲಾದರೆ, ಮಗ ಪರದೆ ಮುಚ್ಚಿದರೆ, ನಿಮ್ಮ ಹೆದರಿಕೆ ಸರಿ. ನಾಯಕ “ನಮಸ್ಕಾರ ಸರ್, ಐದು ನಿಮಿಷ ತಡೆಯಿರಿ, ನಿಮ್ಮ ಮಗ ಈಗ ಒಬ್ಬರ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಾನೆ” ಎಂದರೆ, ಆ ಐದು ನಿಮಿಷ ತಡೆಯಿರಿ.

ಸಂಪಾದಕರೇ, ನಮ್ಮ ತಂಡದ ಹೆಸರನ್ನು ಬೇಕೆಂದೇ ಬರೆದಿಲ್ಲ, ಈ ಪತ್ರ ಜಾಹೀರಾತಾಗಬಾರದು. ನನ್ನ ಹೆಸರು, ಮೊಬೈಲ್ ಸಂಖ್ಯೆಗಳನ್ನು ಬೇರೆ ಚೀಟಿಯಲ್ಲಿ ಲಗತ್ತಿಸಿದ್ದೇನೆ. ದಯವಿಟ್ಟು ಅವನ್ನು ಪ್ರಕಟಿಸದೆ ಆ ತಂದೆಯವರಿಗೆ ತಲುಪಿಸಿ. ಮಿಲ್ ಬಿಡುವುದು ಆರೂವರೆಗೆ, ಏಳರ ನಂತರ ಯಾವ ದಿನ ಕರೆ ಮಾಡಿದರೂ ಮಾತಿಗೆ ಸಿಗುತ್ತೇನೆ. ಭಾನುವಾರ ಒಂಬತ್ತೂಕಾಲರಿಂದ ಹನ್ನೊಂದೂವರೆ ತನಕ ಮಾತ್ರ ಫೋನ್ ಎತ್ತಲಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು
ಬ್ರಹ್ಮಪುರ, ಕಲಬುರಗಿ